ಹದಿನೈದು ಮನೆ, ಮೂರು ಊರು, ಒಂದು ಬಸ್ಸು: ಎಲ್ಲರ ಇಷ್ಟವನ್ನು ಕೂಡಿಸುವ ಲೆಕ್ಕ

ನಮ್ಮ ಬೀದಿಯ ಹದಿನೈದು ಮನೆಯವರು ಸೇರಿ ಒಂದು ದಿನದ ಪ್ರವಾಸ ಹೋಗೋಣ ಅಂತ ಮಾತಾಯಿತು. ಎಲ್ಲಿಗೆ? ಶ್ರವಣಬೆಳಗೊಳ, ಮೇಕೆದಾಟು, ತಲಕಾಡು ಎಂದು ಮೂರು ಹೆಸರು ಬಂದವು. ಮನೆಗೊಂದು ಚೀಟಿ ಕೊಟ್ಟು, ಇಷ್ಟದ ಕ್ರಮದಲ್ಲಿ ಮೂರನ್ನೂ ಬರೆಯಿರಿ ಎಂದೆವು. ಚೀಟಿ ಬಂದದ್ದು ಹೀಗೆ:

6 ಮನೆ: ಶ್ರವಣಬೆಳಗೊಳ, ತಲಕಾಡು, ಮೇಕೆದಾಟು
5 ಮನೆ: ಮೇಕೆದಾಟು, ತಲಕಾಡು, ಶ್ರವಣಬೆಳಗೊಳ
4 ಮನೆ: ತಲಕಾಡು, ಮೇಕೆದಾಟು, ಶ್ರವಣಬೆಳಗೊಳ

ಎಣಿಸಲು ಮೂವರು ಕೂತೆವು. ಮೂಲೆಮನೆ ಮೇಷ್ಟ್ರು ಚೀಟಿ ನೋಡಿದವರೇ, "ಶ್ರವಣಬೆಳಗೊಳ. ಆರು ಮನೆಯವರ ಮೊದಲ ಆಯ್ಕೆ ಅದೇ" ಎಂದರು. ಎದುರುಮನೆ ಆಂಟಿ ಒಪ್ಪಲಿಲ್ಲ. "ತಲಕಾಡಿಗೆ ಬರೀ ನಾಲ್ಕು ಬಂದಿದೆ, ಅದನ್ನ ತೆಗೆದುಬಿಡಿ. ಆ ನಾಲ್ಕು ಮನೆಯವರ ಎರಡನೇ ಆಯ್ಕೆ ಮೇಕೆದಾಟು. ಐದೂ ನಾಲ್ಕೂ ಒಂಬತ್ತು. ಮೇಕೆದಾಟೇ ಗೆದ್ದಿದ್ದು" ಎಂದರು. ನಾನು ಅಂಕ ಹಾಕಿದೆ. ಮೊದಲ ಸ್ಥಾನಕ್ಕೆ 2, ಎರಡನೆಯದಕ್ಕೆ 1, ಕೊನೆಯದಕ್ಕೆ ಸೊನ್ನೆ. ತಲಕಾಡಿಗೆ 19, ಮೇಕೆದಾಟಿಗೆ 14, ಶ್ರವಣಬೆಳಗೊಳಕ್ಕೆ 12.

ಮೂವರ ಲೆಕ್ಕದಲ್ಲೂ ತಪ್ಪಿಲ್ಲ. ಚೀಟಿಗಳೂ ಅವೇ. ಬೇರೆಯಾದದ್ದು ಕೂಡಿಸುವ ಸೂತ್ರ ಮಾತ್ರ. ಹಲವು ಜನರ ಉತ್ತರಗಳನ್ನು ತೆಗೆದುಕೊಂಡು ಒಂದೇ ಉತ್ತರ ಕೊಡುವ ಇಂಥ ಸೂತ್ರಕ್ಕೆ ಗಣಿತದಲ್ಲಿ ಒಟ್ಟುಗೂಡಿಸುವ ಫಲನ ಎನ್ನುತ್ತಾರೆ. ನಮಗೆಲ್ಲ ಗೊತ್ತಿರುವ ಸರಾಸರಿಯೂ ಅಂಥದ್ದೇ ಒಂದು. ಜನರ ಆಯ್ಕೆಗಳಿಗೆ ಈ ಲೆಕ್ಕವನ್ನು ಹೊಂದಿಸುವ ವಿದ್ಯೆಯ ಹೆಸರು ಸಾಮಾಜಿಕ ಆಯ್ಕೆಯ ಸಿದ್ಧಾಂತ. ಹೆಸರು ಭಾರವಾಗಿದೆ, ಕೆಲಸ ಮಾತ್ರ ದಿನಬಳಕೆಯದು. ನೀವು ಸಂಘದ ಕಾರ್ಯದರ್ಶಿಯೋ, ಸ್ಪರ್ಧೆಯ ತೀರ್ಪುಗಾರರೋ ಆಗಿದ್ದರೆ ಇದು ಖಂಡಿತ ಎದುರಾಗುತ್ತದೆ. ಆಗ ಹೇಗೆ ಮುಂದುವರಿಯಬೇಕು ಎಂಬುದನ್ನು ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಜನರಿಂದ ಏನನ್ನು ಕೇಳುತ್ತೀರಿ?

ಉತ್ತರ ಮೂರು ಬಗೆಯಲ್ಲಿ ಬರಬಹುದು. ಬೇಕು–ಬೇಡ. ಒಂದು ಸಂಖ್ಯೆ (ಎಷ್ಟು ಚಂದಾ, ಎಷ್ಟು ಅಂಕ). ಇಲ್ಲವೇ ಇಷ್ಟದ ಕ್ರಮ (ಮೊದಲು ಇದು, ಆಮೇಲೆ ಅದು). ಮೂರಕ್ಕೂ ಬೇರೆ ಬೇರೆ ಸೂತ್ರ ಬೇಕು.

ಆಯ್ಕೆ ಎರಡೇ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಯಾರಿಗೆ ಜಾಸ್ತಿ ಮತವೋ ಅವರಿಗೆ ಗೆಲುವು. 1952ರಲ್ಲಿ ಕೆನೆತ್ ಮೇ ಎಂಬ ಅಮೆರಿಕದ ಗಣಿತಜ್ಞ ಇದನ್ನು ಸಾಧಿಸಿ ತೋರಿಸಿದ. ಎಲ್ಲ ಮತದಾರರನ್ನೂ ಸಮನಾಗಿ ಕಾಣಬೇಕು, ಎರಡು ಆಯ್ಕೆಗಳನ್ನೂ ಸಮನಾಗಿ ಕಾಣಬೇಕು, ಸಮ ಸಮ ಇದ್ದಾಗ ಒಬ್ಬರು ಮನಸ್ಸು ಬದಲಿಸಿದರೆ ಫಲಿತಾಂಶ ಅತ್ತ ವಾಲಬೇಕು. ಇಷ್ಟು ಬೇಕೆಂದರೆ ಬಹುಮತ ಬಿಟ್ಟು ಬೇರೆ ಸೂತ್ರವೇ ಇಲ್ಲ.

ತಾಪತ್ರಯ ಶುರುವಾಗುವುದು ಮೂರನೆಯ ಆಯ್ಕೆ ಬಂದಾಗ. ಅದಕ್ಕೆ ಮೊದಲು ಸಂಖ್ಯೆಗಳ ವಿಷಯ ಮುಗಿಸೋಣ.

ಹೆಜ್ಜೆ 2: ಸಂಖ್ಯೆ ಬಂದರೆ, ಸರಾಸರಿಗೆ ಕೈ ಹಾಕುವ ಮುಂಚೆ ಯೋಚಿಸಿ

ಯಾವ ಸೂತ್ರ ಹಿಡಿದರೂ ಮೂರು ಪರೀಕ್ಷೆ ಮಾಡಿ. ಎಲ್ಲರೂ 60 ಎಂದರೆ ಉತ್ತರವೂ 60 ಬರಬೇಕು. ಒಬ್ಬರು ತಮ್ಮ ಅಂಕ ಹೆಚ್ಚಿಸಿದರೆ ಉತ್ತರ ಕೆಳಗೆ ಇಳಿಯಬಾರದು. ಚೀಟಿಯ ಮೇಲಿನ ಹೆಸರುಗಳನ್ನು ಅದಲು ಬದಲು ಮಾಡಿದರೂ ಉತ್ತರ ಅದೇ ಇರಬೇಕು. ಒಬ್ಬರ ಮಾತಿಗೆ ಹೆಚ್ಚು ತೂಕ ಕೊಡಬೇಕು ಎಂದು ನೀವೇ ತೀರ್ಮಾನಿಸಿದ್ದರೆ ಮೂರನೆಯದನ್ನು ಬಿಡಬಹುದು. ಆದರೆ ಅದನ್ನು ಬಾಯಿಬಿಟ್ಟು ಹೇಳಿ.

ಸರಾಸರಿ ಈ ಮೂರರಲ್ಲೂ ಪಾಸು. ಆದರೂ ಎಲ್ಲ ಕಡೆ ಒಗ್ಗುವುದಿಲ್ಲ. ಗಣೇಶನ ಹಬ್ಬಕ್ಕೆ ಮನೆಗೆಷ್ಟು ಚಂದಾ ಇಡೋಣ ಎಂದು ಐದು ಮನೆಯಲ್ಲಿ ಕೇಳಿದಿರಿ ಎನ್ನಿ. 200, 300, 500, 500, 5000 ಎಂದರು. ಸರಾಸರಿ 1300 ರೂಪಾಯಿ. ಐದರಲ್ಲಿ ನಾಲ್ಕು ಮನೆಯವರಿಗೆ ಅದು ದುಬಾರಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆದು ನಡುವಿನದನ್ನು ತೆಗೆದುಕೊಂಡರೆ 500. ಶಾಲೆಯಲ್ಲಿ ಓದಿದ ಮಧ್ಯಾಂಕ ಇದೇ. ದೊಡ್ಡ ಮನೆಯವರು 5000ದ ಬದಲು 50,000 ಎಂದರೂ ಮಧ್ಯಾಂಕ ಅಲ್ಲಾಡುವುದಿಲ್ಲ. ಅಂದರೆ ಸುಮ್ನೆ ದೊಡ್ಡ ಸಂಖ್ಯೆ ಹೇಳಿ ಎಳೆದಾಡಿ ಪ್ರಯೋಜನವಿಲ್ಲ. ಮನಸ್ಸಿನಲ್ಲಿ ಇರುವುದನ್ನು ಹೇಳುವುದೇ ಲಾಭ. ಚಂದಾ, ವೇಳೆ, ಪ್ರವೇಶ ಶುಲ್ಕ ಇಂಥವುಗಳಿಗೆ ನಾನು ಕಣ್ಣು ಮುಚ್ಚಿ ಮಧ್ಯಾಂಕ ಹಿಡಿಯುತ್ತೇನೆ.

ಇದಕ್ಕೊಂದು ಹಳೆಯ ಕಥೆ ಇದೆ. ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಜಾತ್ರೆಯಲ್ಲಿ, ಒಂದು ಎತ್ತನ್ನು ಕಡಿದು ಸಿದ್ಧಮಾಡಿದಾಗ ಮಾಂಸ ಎಷ್ಟು ತೂಗುತ್ತದೆ ಎಂದು ಊಹಿಸುವ ಪಂದ್ಯ ಇಟ್ಟಿದ್ದರು. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಆ ಚೀಟಿಗಳನ್ನು ತರಿಸಿಕೊಂಡು 1907ರಲ್ಲಿ ಲೆಕ್ಕ ಪ್ರಕಟಿಸಿದ. ಸರಿಯಾಗಿ ತುಂಬಿದ ಚೀಟಿ 787. ಮಧ್ಯಾಂಕ 1207 ಪೌಂಡು. ನಿಜವಾದ ತೂಕ 1198 ಪೌಂಡು.

ನಡುವಿನ ದಾರಿಯೂ ಒಂದಿದೆ. ಒಲಿಂಪಿಕ್ಸ್‌ನ ಡೈವಿಂಗ್‌ನಲ್ಲಿ ಒಬ್ಬೊಬ್ಬರೇ ಧುಮುಕುವಾಗ ಏಳು ತೀರ್ಪುಗಾರರಿರುತ್ತಾರೆ. ಮೇಲಿನ ಎರಡು ಅಂಕ, ಕೆಳಗಿನ ಎರಡು ಅಂಕ ತೆಗೆದುಹಾಕಿ ಉಳಿದ ಮೂರನ್ನು ಕೂಡಿಸುತ್ತಾರೆ. ಆಮೇಲೆ ಧುಮುಕಿದ ಬಗೆ ಎಷ್ಟು ಕಷ್ಟದ್ದು ಎಂಬುದರಿಂದ ಗುಣಿಸುತ್ತಾರೆ. ನಿಮ್ಮಲ್ಲಿ ಐದು ಜನ ತೀರ್ಪುಗಾರರಿದ್ದರೆ ಮೇಲಿನದೊಂದು, ಕೆಳಗಿನದೊಂದು ತೆಗೆದರೆ ಸಾಕು.

ಒಬ್ಬರದೇ ಹಲವು ಗುಣಗಳನ್ನು ಕೂಡಿಸುವಾಗ ಪ್ರಶ್ನೆ ಬದಲಾಗುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬಬಹುದೇ? ಒಬ್ಬ ಹುಡುಗನಿಗೆ ವಿಷಯಜ್ಞಾನದಲ್ಲಿ 90, ಮಾತಿನಲ್ಲಿ 10. ಇನ್ನೊಬ್ಬನಿಗೆ ಎರಡರಲ್ಲೂ 50. ಸರಾಸರಿ ಇಬ್ಬರಿಗೂ 50. ನಿರೂಪಕನ ಕೆಲಸಕ್ಕೆ ಇಬ್ಬರೂ ಒಂದೇ ಅಂತೀರಾ? ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಮೊದಲನೆಯವನಿಗೆ 30, ಎರಡನೆಯವನಿಗೆ 50. ಇದು ಗುಣೋತ್ತರ ಮಾಧ್ಯ. ಒಂದು ಕಡೆ ತೀರಾ ಕುಸಿದರೆ ಇದು ಬಿಡುವುದಿಲ್ಲ. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಲ್ಲಿ ಸಾದಾ ಸರಾಸರಿ ಬಿಟ್ಟು ಇದಕ್ಕೆ ಬಂತು. ಆರೋಗ್ಯ, ಶಿಕ್ಷಣ, ಆದಾಯ ಮೂರೂ ಅದರಲ್ಲಿವೆ. ಆದಾಯ ಒಂದು ಜಾಸ್ತಿ ಇದ್ದ ಮಾತ್ರಕ್ಕೆ ಶಿಕ್ಷಣದ ಕೊರತೆ ಪೂರ್ತಿ ಮುಚ್ಚಿಹೋಗಬಾರದು ಎಂಬುದು ಅದರ ಹಿಂದಿನ ಯೋಚನೆ.

ಇನ್ನೂ ಗಟ್ಟಿ ಬೇಕೆಂದರೆ ಎಲ್ಲಕ್ಕಿಂತ ಕಡಿಮೆ ಅಂಕವನ್ನೇ ಉತ್ತರ ಎನ್ನಿ. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಹಾಗೇ ಇತ್ತು. ಗಣಿತ ಒಂದು ಹೋದರೆ ಕನ್ನಡದಲ್ಲಿ ಎಷ್ಟು ಬಂದರೇನು, ಫೇಲು ಫೇಲೇ.

ಹೆಜ್ಜೆ 3: ತೀರ್ಪುಗಾರರ ಕೈ ಎಷ್ಟು ಸಡಿಲ ನೋಡಿ

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಶಾಲೆಯ ಭಾಷಣ ಸ್ಪರ್ಧೆಗೆ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಮೂರು ಮಕ್ಕಳು ಕೊನೆಯ ಸುತ್ತಿಗೆ ಬಂದಿದ್ದರು. ಅ, ಆ, ಇ ಎನ್ನೋಣ.

ಮೊದಲ ತೀರ್ಪುಗಾರರು: 74, 72, 70
ಎರಡನೆಯವರು: 75, 73, 71
ನಾನು: 50, 60, 90

ಕೂಡಿಸಿದರೆ ಅ 199, ಆ 205, ಇ 231. ಬಹುಮಾನ ಇ ಎಂಬ ಮಗುವಿಗೆ ಹೋಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಹಾಳೆ ಇನ್ನೊಮ್ಮೆ ನೋಡಿದೆ. ಇಬ್ಬರು ತೀರ್ಪುಗಾರರು ಬಹುಮಾನ ಗೆದ್ದ ಮಗುವನ್ನು ಕೊನೆಯ ಸ್ಥಾನದಲ್ಲಿ ಇಟ್ಟಿದ್ದರು. ಅವರ ಮೊದಲಿಗೂ ಕೊನೆಗೂ ಅಂತರ ನಾಲ್ಕೇ ಅಂಕ. ನನ್ನದು ನಲವತ್ತು. ಅಂದರೆ ಆ ದಿನ ತೀರ್ಪು ಕೊಟ್ಟವನು ನಾನೊಬ್ಬನೇ. ಉಳಿದ ಇಬ್ಬರು ಕಾಫಿ ಕುಡಿಯಲು ಬಂದ ಹಾಗಾಯಿತು.

ಇಂಥಲ್ಲಿ ಮೂರು ಪರಿಹಾರ ಇವೆ. ಎಲ್ಲಕ್ಕಿಂತ ಸುಲಭದ್ದು ಮಧ್ಯಾಂಕ: 74, 72, 71. ಅ ಗೆಲ್ಲುತ್ತದೆ. ಎರಡನೆಯದು, ಪ್ರತಿ ತೀರ್ಪುಗಾರರ ಕನಿಷ್ಠ ಅಂಕವನ್ನು 0, ಗರಿಷ್ಠವನ್ನು 100 ಎಂದು ಹಿಗ್ಗಿಸುವುದು. ಮೊದಲ ಇಬ್ಬರಿಂದಲೂ ಅ, ಆ, ಇ ಗಳಿಗೆ 100, 50, 0. ನನ್ನಿಂದ 0, 25, 100. ಒಟ್ಟು 200, 125, 100. ಮತ್ತೆ ಅ. ಮೂರನೆಯದು, ಅಂಕ ಬಿಟ್ಟು ಸ್ಥಾನವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಅಲ್ಲೂ ಅ ಮುಂದೆ.

ಹಾಗಾದರೆ ನಾನು ಕೊಟ್ಟ 90 ಸುಳ್ಳೇ? ಹಾಗೂ ಅಲ್ಲ. ಇ ನಿಜವಾಗಿ ಅಸಾಧಾರಣ ಅಂತಲೇ ನನಗನ್ನಿಸಿತ್ತು. ಹಿಗ್ಗಿಸಿದಾಗ, ಸ್ಥಾನ ಮಾತ್ರ ನೋಡಿದಾಗ "ತುಂಬಾ ಮುಂದೆ" ಎಂಬ ಮಾಹಿತಿ ಕಳೆದುಹೋಗುತ್ತದೆ. ಅದು ಈ ವಿಧಾನಗಳ ಬೆಲೆ. ತೀರ್ಪುಗಾರರನ್ನು ಮೊದಲೇ ಕೂರಿಸಿ "ಸಾಧಾರಣ ಎಂದರೆ 60, ಚೆನ್ನಾಗಿದೆ ಎಂದರೆ 75" ಎಂದು ಅಳತೆ ಒಪ್ಪಿಸಿಕೊಂಡರೆ ಈ ರಗಳೆ ಅರ್ಧ ಕಡಿಮೆಯಾಗುತ್ತದೆ. ಈಗ ಯಾರೇ ಕರೆದರೂ ನಾನು ಮೊದಲು ಕೇಳುವುದು ಇದನ್ನೇ.

ಹೆಜ್ಜೆ 4: ಇಷ್ಟದ ಕ್ರಮ ಬಂದರೆ, ಜೋಡಿ ಜೋಡಿಯಾಗಿ ನಿಲ್ಲಿಸಿ

ಈಗ ಪ್ರವಾಸದ ಚೀಟಿಗೆ ವಾಪಸ್ ಬರೋಣ.

ಮೇಷ್ಟ್ರ ಸೂತ್ರ ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳದ್ದು. ಮೊದಲ ಆಯ್ಕೆ ಮಾತ್ರ ಲೆಕ್ಕಕ್ಕೆ. ಎಣಿಸಲು ಸುಲಭ. ತೊಂದರೆ ಏನು? ಶ್ರವಣಬೆಳಗೊಳವನ್ನು ಒಂಬತ್ತು ಮನೆಯವರು ಕೊನೆಗಿಟ್ಟಿದ್ದಾರೆ. ಮಂಡಿನೋವಿನ ಅಜ್ಜಿಯರನ್ನು ಬೆಟ್ಟ ಹತ್ತಿಸುವುದು ಹೇಗೆ ಎಂಬುದು ಅವರ ಚಿಂತೆ. ಈ ಸೂತ್ರಕ್ಕೆ ಅದು ಕಾಣುವುದೇ ಇಲ್ಲ.

ಆಂಟಿಯ ಸೂತ್ರ ಪದವೀಧರರಿಗೆ ಗೊತ್ತಿರುತ್ತದೆ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತೇವಲ್ಲ, ಅದೇ ಪ್ರಾಶಸ್ತ್ಯ ಮತ. (1 ಎಂದು ಬರೆಯದಿದ್ದರೆ ಮತ ತಿರಸ್ಕೃತ. ಟಿಕ್ ಹಾಕಿ ಬಂದು ಆಮೇಲೆ ಕೈ ಹಿಸುಕಿಕೊಂಡವರನ್ನು ನಾನು ಬಲ್ಲೆ.) ಕಡಿಮೆ ಬಂದವರನ್ನು ತೆಗೆದು, ಅವರ ಮತವನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚುತ್ತಾ ಹೋಗುತ್ತಾರೆ. ರಾಷ್ಟ್ರಪತಿ ಚುನಾವಣೆಯೂ ಹೀಗೇ. 1969ರಲ್ಲಿ ಇದರ ಬಿಸಿ ಚೆನ್ನಾಗಿ ಕಂಡಿತು. ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ನೀಲಂ ಸಂಜೀವ ರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿ ಎಂದು ಆರಿಸಿದರು. ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರ ಕಡೆ ಇತ್ತು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಗಿರಿಯವರಿಗೂ ಅಷ್ಟಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಅಂತರ ಹೇಗೆ ಕುಗ್ಗಿತು ನೋಡಿ. ದೇಶಮುಖರ ಮತದಲ್ಲಿ ಹೆಚ್ಚಿನ ಪಾಲು ರೆಡ್ಡಿಯವರಿಗೇ ಹೋಯಿತು, ಆದರೂ ಸಾಲಲಿಲ್ಲ.

ಈ ಸೂತ್ರದ ದೋಷ ನಮ್ಮ ಚೀಟಿಯಲ್ಲೇ ಇದೆ. ಎಲ್ಲರೂ ಒಪ್ಪಬಹುದಾದ ತಲಕಾಡು ಮೊದಲ ಸುತ್ತಿನಲ್ಲೇ ಹೊರಗೆ ಬೀಳುತ್ತದೆ.

ನನ್ನ ಅಂಕದ ಸೂತ್ರ ಫ್ರಾನ್ಸಿನ ನೌಕಾಪಡೆಯ ಅಧಿಕಾರಿಯೂ ಗಣಿತಜ್ಞನೂ ಆದ ಬೋರ್ಡಾನದು. 1770ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟ. ಅಕಾಡೆಮಿ ತನ್ನ ಸದಸ್ಯರನ್ನು ಆರಿಸಲು ಕೆಲವು ವರ್ಷ ಇದನ್ನು ಬಳಸಿತು ಕೂಡ. ಒಳ್ಳೆಯ ಸೂತ್ರ, ಆದರೆ ಜಾಣರು ಸೇರಿದರೆ ಕಷ್ಟ. ಮೇಕೆದಾಟಿನ ಐದು ಮನೆಯವರು ಒಳಗೊಳಗೇ ಮಾತಾಡಿಕೊಂಡು, ತಲಕಾಡನ್ನು ಸೋಲಿಸಲು ಬೇಕೆಂದೇ ಕೊನೆಗಿಟ್ಟರು ಎನ್ನಿ. ಆಗ ತಲಕಾಡು 14, ಮೇಕೆದಾಟು 14, ಶ್ರವಣಬೆಳಗೊಳ 17! ಅವರಿಗೆ ಬೇಡವೇ ಬೇಡವಾದದ್ದು ಗೆದ್ದಿತು. ಅತಿ ಜಾಣತನ ಒಮ್ಮೊಮ್ಮೆ ಹೀಗೆ ತಿರುಗಿ ಹೊಡೆಯುತ್ತದೆ, ಒಮ್ಮೊಮ್ಮೆ ಫಲಿಸುತ್ತದೆ ಕೂಡ.

ನನಗೆ ಹಿಡಿಸಿದ್ದು ನಾಲ್ಕನೆಯ ದಾರಿ. ಕಾಂಡೋರ್ಸೆ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ 1785ರಲ್ಲಿ ಬರೆದದ್ದು. ಕುಸ್ತಿಯ ಹಾಗೆ ಇಬ್ಬಿಬ್ಬರನ್ನೇ ಕಣಕ್ಕೆ ಬಿಡಿ. ಅದೇ ಚೀಟಿಯಿಂದ ಎಣಿಸಬಹುದು, ಮತ್ತೆ ಮತ ಹಾಕಿಸಬೇಕಿಲ್ಲ:

ತಲಕಾಡು – ಶ್ರವಣಬೆಳಗೊಳ: 9–6
ತಲಕಾಡು – ಮೇಕೆದಾಟು: 10–5
ಮೇಕೆದಾಟು – ಶ್ರವಣಬೆಳಗೊಳ: 9–6

ತಲಕಾಡು ಇಬ್ಬರನ್ನೂ ಸೋಲಿಸಿತು. ಶ್ರವಣಬೆಳಗೊಳ ಇಬ್ಬರಿಗೂ ಸೋತಿತು. ಮೇಷ್ಟ್ರ ಸೂತ್ರದಲ್ಲಿ ಗೆದ್ದದ್ದು ಅದೇ ಅಲ್ವಾ? ಇದನ್ನು ತೋರಿಸಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಆಯ್ಕೆ ಮೂರಿದ್ದರೆ ಮೂರು ಜೋಡಿ, ನಾಲ್ಕಿದ್ದರೆ ಆರು, ಐದಿದ್ದರೆ ಹತ್ತು, ಆರಿದ್ದರೆ ಹದಿನೈದು. ಅಲ್ಲಿಯವರೆಗೆ ಕೈಲೇ ಎಣಿಸಬಹುದು. ಅದಕ್ಕಿಂತ ಜಾಸ್ತಿಯಾದರೆ ಎಕ್ಸೆಲ್ ಹಿಡಿಯಿರಿ.

ಹೆಜ್ಜೆ 5: ಸುತ್ತು ಬಿದ್ದರೆ

ಮೂವರಿರುವ ಮನೆ. ಭಾನುವಾರದ ತಿಂಡಿ. ಅಪ್ಪನ ಕ್ರಮ ಇಡ್ಲಿ, ದೋಸೆ, ಪೂರಿ. ಅಮ್ಮನದು ದೋಸೆ, ಪೂರಿ, ಇಡ್ಲಿ. ಮಗಳದು ಪೂರಿ, ಇಡ್ಲಿ, ದೋಸೆ. ಇಡ್ಲಿ ದೋಸೆಯನ್ನು 2–1ರಿಂದ ಸೋಲಿಸುತ್ತದೆ. ದೋಸೆ ಪೂರಿಯನ್ನು 2–1ರಿಂದ. ಪೂರಿ ಇಡ್ಲಿಯನ್ನು, ಅದೂ 2–1ರಿಂದ. ಒಬ್ಬೊಬ್ಬರ ಮನಸ್ಸಿನಲ್ಲೂ ಗೊಂದಲವಿಲ್ಲ. ಮನೆಯ ಮನಸ್ಸು ಮಾತ್ರ ಗಿರಗಿಟ್ಟಲೆ. ಕಾಂಡೋರ್ಸೆಗೇ ಇದು ಗೊತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಸುತ್ತು ಇದ್ದಾಗ ಎರಡೆರಡನ್ನೇ ಮತಕ್ಕೆ ಹಾಕುತ್ತಾ ಸೋತದ್ದನ್ನು ಕೈಬಿಟ್ಟರೆ, ಯಾವ ಜೋಡಿ ಮೊದಲು ಎಂದು ಆರಿಸುವವರೇ ಫಲಿತಾಂಶವನ್ನೂ ಆರಿಸಿದಂತೆ. ಇಡ್ಲಿ–ದೋಸೆ ಮೊದಲು ಬಂದರೆ ಕೊನೆಗೆ ಪೂರಿ. ದೋಸೆ–ಪೂರಿ ಮೊದಲು ಬಂದರೆ ಕೊನೆಗೆ ಇಡ್ಲಿ. ಸಭೆಯ ಅಧ್ಯಕ್ಷರು ಈ ಆಟ ಆಡುತ್ತಿದ್ದಾರಾ ನೋಡಿಕೊಳ್ಳಿ. ಎಲ್ಲ ಜೋಡಿಗಳನ್ನೂ ಎಣಿಸಿಯೇ ತೀರಬೇಕು.

ಸುತ್ತು ಬಿದ್ದರೆ ಏನು ಮಾಡಬೇಕು? ಸ್ಕಾಟ್ಲೆಂಡಿನ ಡಂಕನ್ ಬ್ಲ್ಯಾಕ್ ಹೇಳಿದ ಉಪಾಯ ಸರಳ. ಎಲ್ಲರನ್ನೂ ಸೋಲಿಸಿದವರಿದ್ದರೆ ಅವರು ಗೆದ್ದರು, ಇಲ್ಲದಿದ್ದರೆ ಬೋರ್ಡಾನ ಅಂಕ ನೋಡಿ. ತಿಂಡಿಯ ಮನೆಯಲ್ಲಿ ಅಂಕವೂ ಮೂರಕ್ಕೆ ಮೂರು, ಸಮ. ಅಲ್ಲಿ ಗಣಿತ ಕೈಚೆಲ್ಲುತ್ತದೆ. ಹದಿನೈದು ಮನೆ, ನಲವತ್ತು ಮನೆ ಇದ್ದಲ್ಲಿ ಹೀಗೆ ಪೂರ್ತಿ ಸಮವಾಗುವುದು ಅಪರೂಪ.

ದೋಷವೇ ಇಲ್ಲದ ಸೂತ್ರ ಹುಡುಕುತ್ತಾ ಕೂರಬೇಡಿ ಎನ್ನಲು ನನಗೆ ಕಾರಣವಿದೆ. ಅಮೆರಿಕದ ಕೆನೆತ್ ಆರೋ 1951ರಲ್ಲಿ ಒಂದು ಪ್ರಮೇಯ ಪ್ರಕಟಿಸಿದ. ಆಯ್ಕೆ ಮೂರೋ ಹೆಚ್ಚೋ ಇವೆ. ಜನ ಯಾವ ಕ್ರಮ ಬರೆದರೂ ಸೂತ್ರ ಸುತ್ತು ಬೀಳದ ಒಂದು ಕ್ರಮ ಕೊಡಬೇಕು. ಎಲ್ಲರೂ ಇದು ಅದಕ್ಕಿಂತ ಮೇಲು ಎಂದರೆ ಫಲಿತಾಂಶವೂ ಹಾಗೇ ಬರಬೇಕು. ಇಡ್ಲಿ–ದೋಸೆಯ ತೀರ್ಮಾನದಲ್ಲಿ ಪೂರಿ ಮೂಗು ತೂರಿಸಬಾರದು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಇವಿಷ್ಟನ್ನೂ ಪಾಲಿಸುವ ಸೂತ್ರ ಒಂದೇ ಬಗೆಯದು: ಒಬ್ಬರ ಚೀಟಿಯನ್ನು ನೋಡಿ ಉಳಿದವನ್ನು ಬುಟ್ಟಿಗೆ ಹಾಕುವುದು. ಅಂದರೆ ಸರ್ವಾಧಿಕಾರ. ಆರೋಗೆ 1972ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸುಳ್ಳು ಚೀಟಿ ಬರೆದು ಲಾಭ ಪಡೆಯುವ ದಾರಿಯನ್ನು ಪೂರ್ತಿ ಮುಚ್ಚುವುದೂ ಹೀಗೇ ಅಸಾಧ್ಯ ಎಂದು ಗಿಬ್ಬಾರ್ಡ್ 1973ರಲ್ಲಿ, ಸ್ಯಾಟರ್ತ್‌ವೇಟ್ 1975ರಲ್ಲಿ ತೋರಿಸಿದರು.

ನಮ್ಮ ಅಮರ್ತ್ಯ ಸೇನ್ ಈ ಗೋಡೆಯನ್ನು ಬೇರೆ ಕಡೆಯಿಂದ ತಟ್ಟಿದರು. ಬರೀ ಕ್ರಮ ಕೇಳಿದ್ದರಿಂದಲೇ ಹೀಗಾಯಿತು, ಯಾರಿಗೆ ಎಷ್ಟು ನಷ್ಟ, ಯಾರಿಗೆ ಎಷ್ಟು ಲಾಭ ಎಂದು ಹೋಲಿಸುವ ಮಾಹಿತಿ ಇದ್ದರೆ ಬಾಗಿಲು ತೆರೆಯುತ್ತದೆ ಎಂಬುದು ಅವರ ವಾದದ ತಿರುಳು. ಮಂಡಿನೋವಿನ ಅಜ್ಜಿಗೆ ಬೆಟ್ಟ ಎಷ್ಟು ಕಷ್ಟ, ಹುಡುಗರಿಗೆ ಮರಳಿನಲ್ಲಿ ನಡೆಯುವುದು ಎಷ್ಟು ಬೇಜಾರು ಎಂಬುದು 1, 2, 3ರಲ್ಲಿ ಬರುವುದಿಲ್ಲ. ಹಾಗಾಗಿ ಚೀಟಿಯ ಕೆಳಗೆ "ಯಾವುದಾದರೂ ಜಾಗಕ್ಕೆ ಬರಲು ಸಾಧ್ಯವೇ ಇಲ್ಲದಿದ್ದರೆ ಬರೆಯಿರಿ" ಎಂದು ಒಂದು ಸಾಲು ಸೇರಿಸಿ. ನಾವು ಸೇರಿಸಿರಲಿಲ್ಲ.

ಹೆಜ್ಜೆ 6: ಚೀಟಿ ಹಂಚುವ ಮುಂಚೆ ಸೂತ್ರ ಬರೆದಿಡಿ

ನಮ್ಮ ಜಗಳಕ್ಕೆ ಕಾರಣ ಇದೇ. ಚೀಟಿ ಬಿಚ್ಚಿದ ಮೇಲೆ ಸೂತ್ರ ಹುಡುಕಲು ಹೊರಟೆವು. ಆಗ ಪ್ರತಿಯೊಬ್ಬರಿಗೂ ತಮ್ಮ ಊರು ಗೆಲ್ಲುವ ಸೂತ್ರವೇ ನ್ಯಾಯವಾಗಿ ಕಾಣುತ್ತದೆ. ನನಗೂ ಹಾಗೇ ಕಂಡಿತ್ತು, ನಮ್ಮ ಮನೆಯ ಮೊದಲ ಆಯ್ಕೆ ತಲಕಾಡು.

ಈಗ ನಮ್ಮ ಸಂಘದ ಪುಸ್ತಕದಲ್ಲಿ ನಾಲ್ಕು ಸಾಲು ಇದೆ: "ಎರಡು ಆಯ್ಕೆ ಇದ್ದರೆ ಬಹುಮತ. ಹಣದ ವಿಷಯಕ್ಕೆ ಮಧ್ಯಾಂಕ. ಮೂರಕ್ಕಿಂತ ಕಡಿಮೆಯಿಲ್ಲದ ಆಯ್ಕೆ ಇದ್ದರೆ ಇಷ್ಟದ ಕ್ರಮ ಬರೆಸಿ ಜೋಡಿ ಎಣಿಕೆ, ಸುತ್ತು ಬಿದ್ದರೆ ಅಂಕ. ಅದೂ ಸಮವಾದರೆ ಚೀಟಿ ಎತ್ತುವುದು."

ಕೊನೆಯ ಸಾಲು ಓದಿ ಆಂಟಿ ನಕ್ಕರು. ಇಷ್ಟೆಲ್ಲ ಗಣಿತ ಮಾಡಿ ಕೊನೆಗೆ ಚೀಟಿನಾ ಎಂದು. ನಮ್ಮ ದೇಶದ ಕಾನೂನೂ ಅದನ್ನೇ ಹೇಳುತ್ತದೆ. ಮತ ಸಮವಾದರೆ ಚುನಾವಣಾಧಿಕಾರಿ ಚೀಟಿ ಎತ್ತಿ, ಹೆಸರು ಬಂದವರಿಗೆ ಒಂದು ಮತ ಹೆಚ್ಚು ಎಂದು ಲೆಕ್ಕ ಹಿಡಿಯಬೇಕು. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರ ಅದರ ಹೊಸ್ತಿಲವರೆಗೂ ಹೋಗಿತ್ತು. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಇನ್ನೊಬ್ಬರು ಮನೆಯಿಂದ ಹೊರಟು ಬಂದು ಕೃಷ್ಣಮೂರ್ತಿಯವರಿಗೆ ಮತ ಹಾಕಿದ್ದರೆ ಎಂಬತ್ತೊಂದು ಸಾವಿರ ಚಿಲ್ಲರೆ ಮತಗಳ ಮೇಲೆ ಒಂದು ಚೀಟಿ ಎತ್ತಬೇಕಾಗುತ್ತಿತ್ತು.